ಬೇಸ್ ಗಿಟಾರ್: ನಾಲ್ಕು ತಂತಿಯೋ ಐದೋ, ಹೊಸದೋ ಮಣಿಪಾಲದ ಹಳೆಯದೋ?

ಎರಡು ತಿಂಗಳಲ್ಲಿ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು, ಯಾವ ಬೇಸ್ (ಕೆಳಗಿನ ಸ್ವರಗಳ ಗಿಟಾರ್) ಕೊಳ್ಳುವುದು ಅಂತ. ಒಬ್ಬಳು ಮಣಿಪಾಲದಲ್ಲಿ ಓದುವ ಹುಡುಗಿ. ಹಾಸ್ಟೆಲ್ ರೂಮಿನಲ್ಲಿ ನುಡಿಸುವುದಕ್ಕೆ ಬೇಸ್ ಬೇಕು, ಕೈಯಲ್ಲಿರುವುದು 20 ಸಾವಿರ. ಇನ್ನೊಬ್ಬರು ಮಂಗಳೂರಿನ ಬಿಜೈ ಕಡೆಯ ಅಂಕಲ್. ಚರ್ಚ್ ಕೊಯರ್‌ನಲ್ಲಿ ಮೂವತ್ತು ವರ್ಷ ಗಿಟಾರ್ ಹಿಡಿದವರು. ಈಗ ಬೇಸ್ ಕಲಿಯುವ ಆಸೆ, ಆದರೆ ಎಡ ಭುಜದಲ್ಲಿ ನೋವು. ಮೂರನೆಯವನು ನನ್ನ ಅಕ್ಕನ ಮಗ. ಅವನ ಕೋಣೆಯಲ್ಲಿ ಆಗಲೇ ಮೂರು ಬೇಸ್ ಉಂಟು. "ಮಾಮ, ನಾಲ್ಕನೆಯದು ಯಾವುದು ತೆಗೊಳ್ಳುವುದು?" ಅಂತ ಕೇಳುತ್ತಾನೆ.

ಮೂವರಿಗೂ ಫೋನಿನಲ್ಲೇ ಏನೇನೋ ಹೇಳಿದೆ. ಆಮೇಲೆ ಅನಿಸಿತು, ಇದನ್ನು ಕೂತು ಬರೆದರೇ ಒಳ್ಳೆಯದು. ನಾನೇನೂ ದೊಡ್ಡ ಕಲಾವಿದನಲ್ಲ. ಹಗಲು ಆಫೀಸು, ರಾತ್ರಿ ಅರ್ಧ ಗಂಟೆ ಅಭ್ಯಾಸ. ಗಣೇಶೋತ್ಸವ, ದಸರಾ ಬಂತೆಂದರೆ ಗೆಳೆಯರ ರಸಮಂಜರಿ ತಂಡದಲ್ಲಿ ಹಿಂದೆ ನಿಂತು ಬೇಸ್ ನುಡಿಸುವವನು. ಹಾಗಾಗಿ ಇದು ನನ್ನಂಥ ಹವ್ಯಾಸಿಗಳಿಗೆ ಮಾತ್ರ.

ಮೊದಲೇ ಒಂದು ಮಾತು. ಯೂಟ್ಯೂಬಿನಲ್ಲಿ ಹತ್ತು ಬೇಸ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನುಡಿಸುವ ವಿಡಿಯೋ ನೋಡಿ, "ಮೂರನೆಯದರ ಸೌಂಡ್ ಸೂಪರ್" ಅಂತ ತೀರ್ಮಾನ ಮಾಡಬೇಡಿ. ನಾಲ್ಕು ತಂತಿಯ ಬೇಸ್‌ನ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಮೊಬೈಲ್ ಸ್ಪೀಕರಿನಿಂದ ಬರುವುದೇ ಇಲ್ಲ. ಬರುವುದು ಅದರ ಮೇಲಿನ ಚೂರುಪಾರು. ನೀವು ಹೋಲಿಸುತ್ತಿರುವುದು ಬೇಸನ್ನಲ್ಲ, ಅದರ ನೆರಳನ್ನು. ಕೇಳಲೇಬೇಕಿದ್ದರೆ ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ.

ಇನ್ನೊಂದು, ಬೇಸ್ ಯಾಕೆ ಬೇಕು ಅಂತ ಮನೆಯವರು ಕೇಳಿದರೆ ನಾನು ಯಕ್ಷಗಾನದ ಉದಾಹರಣೆ ಕೊಡುತ್ತೇನೆ. ಚೆಂಡೆ ಊರಿಗೆಲ್ಲ ಕೇಳುತ್ತದೆ. ಮದ್ದಳೆ ಇರುವುದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಆದರೆ ಅದು ನಿಂತರೆ ಪದ್ಯದ ಕಾಲು ಕಿತ್ತ ಹಾಗಾಗುತ್ತದೆ. ಬೇಸ್ ನಮ್ಮ ಮದ್ದಳೆ. ಚೆಂಡೆಯ ಆಸೆ ಇದ್ದವರು ಗಿಟಾರೇ ತೆಗೆದುಕೊಳ್ಳಲಿ.

ಅಂಗಡಿಗೆ ಹೋಗುವ ಮೊದಲು

ನಾನು ಈಗ ನಾಲ್ಕು ವಿಷಯ ನೋಡಿ ಅಳೆಯುತ್ತೇನೆ. ಎಲ್ಲಿ ನುಡಿಸುತ್ತೀರಿ? ನಿಮ್ಮ ಕೈ, ಭುಜ ಎಷ್ಟು ತಾಳುತ್ತದೆ? ನಮ್ಮ ಮಳೆಗಾಲವನ್ನು ಆ ವಾದ್ಯ ತಾಳುತ್ತದಾ? ಕೊನೆಗೆ, ಬೇಸ್ ಒಂದರದ್ದಲ್ಲ, ಎಲ್ಲ ಸೇರಿ ಖರ್ಚು ಎಷ್ಟು? ಹೆಸರು, ಬಣ್ಣ, ಯಾರು ನುಡಿಸಿದ್ದರು ಅನ್ನುವುದೆಲ್ಲ ಆಮೇಲೆ.

ಎಲ್ಲಿ ಅನ್ನುವುದು ಅಷ್ಟು ಮುಖ್ಯವಾ ಅಂತ ಕೇಳಬಹುದು. ಮುಖ್ಯ. ಎತ್ತರದ ಮಾಡಿನ ಚರ್ಚಿನೊಳಗೆ ಕೆಳಗಿನ ಸ್ವರಗಳು ಗುಂಯ್ ಅಂತ ಸುತ್ತುತ್ತಲೇ ಇರುತ್ತವೆ. ಅಲ್ಲಿ ಇನ್ನೂ ಕೆಳಗಿನ ಸ್ವರದ ಐದನೆಯ ತಂತಿಯನ್ನು ಮೀಟಿದರೆ ಪಾದ್ರಿಗಳ ಮೈಕಿಗೇ ನಡುಕ. ಬಯಲಿನ ರಸಮಂಜರಿಯಲ್ಲಿ ಇದಕ್ಕೆ ಉಲ್ಟಾ. ಗೋಡೆ ಇಲ್ಲ, ಬೇಸ್ ಎಲ್ಲ ಗದ್ದೆಯ ಕಡೆ ಹೋಗಿಬಿಡುತ್ತದೆ, ಸೌಂಡ್‌ನವರ ದೊಡ್ಡ ಸ್ಪೀಕರಿಗೆ ಕೊಟ್ಟರೆ ಮಾತ್ರ ಜನರಿಗೆ ಎದೆಯಲ್ಲಿ ತಾಗುತ್ತದೆ. ಹಾಸ್ಟೆಲ್ ರೂಮಿನಲ್ಲಾದರೆ ಹೆಡ್‌ಫೋನ್ ಬಿಟ್ಟರೆ ಗತಿ ಇಲ್ಲ.

ಆಂಪ್, ಅಂದರೆ ಸದ್ದು ಜೋರು ಮಾಡುವ ಆಂಪ್ಲಿಫೈಯರ್ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮ ಕಡೆ ಹವ್ಯಾಸಿಗೆ ದೊಡ್ಡ ಆಂಪ್ ಬೇಡವೇ ಬೇಡ. ಕಾರ್ಯಕ್ರಮ ಅಂದರೆ ಸೌಂಡ್‌ನವರು ಇದ್ದೇ ಇರುತ್ತಾರೆ, ಅವರ ಮಿಕ್ಸರಿಗೆ ಲೈನ್ ಕೊಟ್ಟರೆ ಆಯಿತು. ಅದಕ್ಕೊಂದು ಡಿಐ ಬಾಕ್ಸ್ (ಬೇಸ್‌ನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ನಿಮ್ಮ ಚೀಲದಲ್ಲಿರಲಿ. ಮನೆಗೆ ಕಿವಿಗೆ ಹಾಕಿ ನುಡಿಸುವ ಹೆಡ್‌ಫೋನ್ ಆಂಪ್ ಸಾಕು, ಬೇಕಿದ್ದರೆ 25 ವಾಟ್ಸ್‌ನ ಸಣ್ಣ ಬೇಸ್ ಆಂಪ್. ಡ್ರಮ್ಸ್ ಜೊತೆ ಸೇರಿ ಅಭ್ಯಾಸ ಮಾಡುವವರಿಗೆ ಮಾತ್ರ 25 ವಾಟ್ಸ್ ಏನೂ ಕೇಳಿಸುವುದಿಲ್ಲ, ನೂರರ ಮೇಲೆ ಬೇಕು. ತಮ್ಮನ ಗಿಟಾರ್ ಆಂಪ್ ಇದೆಯಲ್ಲ ಅಂತ ಅದಕ್ಕೆ ಬೇಸ್ ಚುಚ್ಚಿ ಜೋರು ಮಾಡಿದರೆ ಸ್ಪೀಕರಿನ ಕೋನ್ ಹೋಗುತ್ತದೆ. ತಮ್ಮನೂ ಹೋಗುತ್ತಾನೆ.

ಉದ್ದದ್ದೋ ಗಿಡ್ಡದ್ದೋ

ಹೆಚ್ಚಿನ ಬೇಸ್‌ಗಳ ತಂತಿಯ ಅಳತೆ 34 ಇಂಚು. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಹಾಕಿದ ಅಳತೆ ಅದು, ಇವತ್ತಿಗೂ ಅದೇ ನಡೆದಿದೆ. ಗಿಡ್ಡದ್ದು, ಅಂದರೆ ಶಾರ್ಟ್ ಸ್ಕೇಲ್, ಸುಮಾರು 30 ಇಂಚು. ಮೇಲ್ನೋಟಕ್ಕೆ ನಾಲ್ಕೇ ಇಂಚಿನ ವ್ಯತ್ಯಾಸ. ಆದರೆ ಮೊದಲ ಫ್ರೆಟ್‌ನ, ಅಂದರೆ ಲೋಹದ ಪಟ್ಟಿಗಳ ನಡುವೆ ಬೆರಳೊತ್ತುವ ಮೊದಲ ಮನೆಯ ಅಗಲ ಉದ್ದದ್ದರಲ್ಲಿ 48 ಮಿಲಿಮೀಟರ್ ದಾಟುತ್ತದೆ, ಗಿಡ್ಡದ್ದರಲ್ಲಿ 43 ಕೂಡ ಇಲ್ಲ. ಬೆರಳು ಹಿಗ್ಗಿಸುವಾಗ ಮೊದಲ ಫ್ರೆಟ್‌ಗಳಲ್ಲಿ ಒಂದೊಂದಕ್ಕೂ ಸುಮಾರು ಐದು ಮಿಲಿಮೀಟರ್ ಉಳಿದರೆ ಮಣಿಕಟ್ಟಿಗೆ ಎಷ್ಟು ಆರಾಮ ಅಂತ ಅರ್ಧ ಗಂಟೆ ನುಡಿಸಿದ ಮೇಲೆ ಗೊತ್ತಾಗುತ್ತದೆ.

ಗಿಡ್ಡದ್ದರಲ್ಲಿ ತಂತಿಯ ಬಿಗಿ ಕಡಿಮೆ, ಒತ್ತುವುದು ಸುಲಭ, ಸದ್ದು ಗುಂಡಗೆ, ಮೆತ್ತಗೆ. ಸಣ್ಣ ಕೈಯವರಿಗೆ, ಗಿಟಾರಿನಿಂದ ಬರುವವರಿಗೆ, ಭುಜ ನೋವಿನವರಿಗೆ ಇದು ವರ. ಮಕ್ಕಳ ವಾದ್ಯ ಅಂತ ನಗುವವರು ಇದ್ದಾರೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹೋಫ್ನರ್ ಬೇಸ್ ಗಿಡ್ಡದ್ದೇ. ನಗುವವರು ನಗಲಿ ಬಿಡಿ.

ಹಾಗಂತ ಕೊರತೆ ಇಲ್ಲವೆಂದಲ್ಲ. ಇ ತಂತಿ ಸ್ವಲ್ಪ ಸಡಿಲ ಅನಿಸುತ್ತದೆ. ಜೋರಾಗಿ ಮೀಟುವ ಕೈಯಾದರೆ ಸ್ವರ ಒಂದು ಕ್ಷಣ ಮೇಲೇರಿ ಇಳಿಯುತ್ತದೆ. ಅದರ ಅಳತೆಯ ತಂತಿ ಮಂಗಳೂರಿನ ಅಂಗಡಿಯಲ್ಲಿ ಯಾವಾಗಲೂ ಸಿಗುವುದಿಲ್ಲ, ಆನ್‌ಲೈನಿನಲ್ಲಿ ತರಿಸಿ ಒಂದು ಸೆಟ್ ಮನೆಯಲ್ಲಿ ಇಟ್ಟುಕೊಳ್ಳಬೇಕು. ಮಾರುವಾಗ ಕೇಳುವವರೂ ಕಡಿಮೆ. ಸ್ಕ್ವೈರ್ ಬ್ರಾಂಕೊ, ಐಬನೇಜ್ ಮೈಕ್ರೊ ಈ ಗುಂಪಿನ ಅಗ್ಗದ ಹೆಸರುಗಳು. ಮೈಕ್ರೊ ಇನ್ನೂ ಗಿಡ್ಡ, 28.6 ಇಂಚು. ದೊಡ್ಡವರಿಗೆ ಅದು ಆಟಿಕೆ ಅನಿಸಬಹುದು.

ಬಸ್ಸಿನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸಂಜೆ ಆರು ಗಂಟೆಗೆ ಉದ್ದದ ಬೇಸ್ ಹೊತ್ತು ಹತ್ತಿ ನೋಡಿ. ಬ್ಯಾಗಿನ ತುದಿ ನಿಮ್ಮ ತಲೆಗಿಂತ ಮೇಲೆ ಹೋಗಿ ಬಾಗಿಲಿಗೆ ಬಡಿಯುತ್ತದೆ. ಕಂಡಕ್ಟರ್ "ಎಂತ ಮಾರಾಯ ಅದು, ಕಪಾಟಾ?" ಅನ್ನುತ್ತಾನೆ. ಗಿಡ್ಡದ್ದು ಮೊಣಕಾಲ ನಡುವೆ ನಿಲ್ಲುತ್ತದೆ. ಕಾರಿದ್ದವರು ಈ ಪ್ಯಾರಾ ಮರೆತುಬಿಡಿ.

ಪ್ರಿಸಿಷನ್, ಜಾಜ್, ಅಥವಾ ಎರಡರ ಬೆರಕೆ

ಅಂಗಡಿಯವರು ಪಿ ಬೇಸ್, ಜೆ ಬೇಸ್ ಅನ್ನುತ್ತಾರಲ್ಲ, ಅದು ಪ್ರಿಸಿಷನ್ ಮತ್ತು 1960ರಲ್ಲಿ ಬಂದ ಜಾಜ್. ಇವತ್ತು ಯಾವ ಕಂಪನಿಯ ಬೇಸ್ ಹಿಡಿದರೂ ಹೆಚ್ಚಾಗಿ ಇವೆರಡರಲ್ಲಿ ಒಂದರ ಮೊಮ್ಮಗು.

ಪಿ ಬೇಸ್‌ಗೆ ನಡುವಿನಲ್ಲಿ ಎರಡು ತುಂಡಾಗಿ ಕೂತ ಒಂದು ಪಿಕಪ್ (ತಂತಿಯ ಕಂಪನವನ್ನು ಕರೆಂಟಿನ ಸಿಗ್ನಲ್ ಮಾಡುವ ಭಾಗ). 1957ರಿಂದ ಹೀಗೆ. ಒಂದು ವಾಲ್ಯೂಮ್, ಒಂದು ಟೋನ್, ಮುಗಿಯಿತು. ನೆಕ್ (ಕೈಯಲ್ಲಿ ಹಿಡಿದು ಬೆರಳೊತ್ತುವ ಉದ್ದ ಭಾಗ) ಸ್ವಲ್ಪ ಅಗಲ. ಸದ್ದಿಗೆ ಒಂದೇ ಮುಖ, ಆದರೆ ಆ ಮುಖ ಎಲ್ಲ ಮದುವೆಗೂ ಸರಿಹೊಂದುತ್ತದೆ. ತಂಡದಲ್ಲಿ ಕೀಬೋರ್ಡ್, ರಿದಂ ಪ್ಯಾಡ್, ಎರಡು ಗಿಟಾರ್ ಎಲ್ಲ ಸೇರಿದಾಗಲೂ ಅದು ಮುಳುಗುವುದಿಲ್ಲ.

ಜೆ ಬೇಸ್‌ಗೆ ಎರಡು ಪಿಕಪ್, ಎರಡು ವಾಲ್ಯೂಮ್. ನೆಕ್ ತಲೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯ (ನಟ್) ಹತ್ತಿರ 38 ಮಿಲಿಮೀಟರ್ ಮಾತ್ರ, ಹಿಡಿತಕ್ಕೆ ತೆಳು. ಹಿಂದಿನ ಪಿಕಪ್ ಕಡೆ ತಿರುಗಿಸಿದರೆ ಸ್ವರ ಮಾತಾಡಿದ ಹಾಗೆ ಸ್ಪಷ್ಟ, ಎರಡೂ ತೆರೆದರೆ ಇನ್ನೊಂದು ಬಣ್ಣ. ಹಾಡಿನ ನಡುವೆ ಸಣ್ಣ ತುಂಡು ಒಂಟಿಯಾಗಿ ನುಡಿಸುವ ಆಸೆ ಇದ್ದವರಿಗೆ ಇದೇ ಒಳ್ಳೆಯದು.

ಹಾಗಾದರೆ ಎಲ್ಲರೂ ಜೆ ತೆಗೆದುಕೊಳ್ಳಬಹುದಲ್ಲ? ಇಲ್ಲೊಂದು ತೊಡಕು ಉಂಟು. ಜೆ ಪಿಕಪ್‌ಗಳು ಸಿಂಗಲ್ ಕಾಯಿಲ್, ಅಂದರೆ ಒಳಗೆ ಒಂದೇ ಸುರುಳಿ. ಎರಡೂ ಪೂರ್ತಿ ತೆರೆದಾಗ ಒಂದರ ಗುಂಯ್ ಸದ್ದನ್ನು ಇನ್ನೊಂದು ಹೊಡೆದು ಹಾಕುತ್ತದೆ. ಒಂದನ್ನೇ ತೆರೆದರೆ ಸುತ್ತಲಿನ ಕರೆಂಟಿನ ಗುಂಯ್ ಎಲ್ಲ ಒಳಗೆ ಬರುತ್ತದೆ. ಪಿ ಬೇಸ್‌ನ ಎರಡು ತುಂಡಿನ ಪಿಕಪ್‌ಗೆ ಈ ಕಾಟ ಇಲ್ಲ. ಅರ್ತಿಂಗ್ ಸರಿಯಿಲ್ಲದ ಹಳೆ ಹಂಚಿನ ಮನೆ, ಜನರೇಟರಿನಲ್ಲಿ ಓಡುವ ಪೆಂಡಾಲ್, ಪಕ್ಕದಲ್ಲಿ ಸೀರಿಯಲ್ ಲೈಟಿನ ಸಾಲು. ಇದೇ ನಮ್ಮ ವೇದಿಕೆ. ನಾನು ಒಂದು ಸಲ ಜೆ ಬೇಸ್‌ನ ಹಿಂದಿನ ಪಿಕಪ್ ಮಾತ್ರ ತೆರೆದು ನಿಂತಾಗ ಸೌಂಡ್‌ನ ಹುಡುಗ ಓಡಿ ಬಂದು ಕೇಬಲ್ ಬದಲಿಸಿದ, ಆಮೇಲೆ ನನ್ನನ್ನೇ ಬದಲಿಸುವ ಮುಖ ಮಾಡಿದ.

ಪಿ ಮತ್ತು ಜೆ ಎರಡೂ ಪಿಕಪ್ ಇರುವ ಬೆರಕೆಗಳು 20–30 ಸಾವಿರದ ಒಳಗೆ ಬೇಕಾದಷ್ಟು ಸಿಗುತ್ತವೆ. ಯಮಾಹಾ ಟಿಆರ್‌ಬಿಎಕ್ಸ್ 174, ಐಬನೇಜ್ ಜಿಎಸ್‌ಆರ್ ಸಾಲಿನ ಕೆಲವು, ಸ್ಕ್ವೈರ್ ಅಫಿನಿಟಿ ಪ್ರಿಸಿಷನ್ ಎಲ್ಲ ಹೀಗೆ. ಮೊದಲ ಬೇಸ್‌ಗೆ ಇದು ಜಾಣ ಆಯ್ಕೆ ಅಂತ ನನ್ನ ಅಭಿಪ್ರಾಯ. ಒಂದು ವರ್ಷ ನುಡಿಸಿ. ನಿಮ್ಮ ಕೈ ಯಾವ ಪಿಕಪ್ ಕಡೆ ಜಾಸ್ತಿ ಹೋಗುತ್ತದೆ ಅಂತ ನೋಡಿ. ಎರಡನೆಯ ಬೇಸ್ ಯಾವುದು ಅಂತ ಅದೇ ಹೇಳುತ್ತದೆ.

ಐದನೆಯ ತಂತಿ

ಐದು ತಂತಿಯ ಬೇಸ್‌ನಲ್ಲಿ ಇ ತಂತಿಗಿಂತ ಕೆಳಗಿನ ಸ್ವರದ ಇನ್ನೊಂದು ಬಿ ತಂತಿ, ಸೆಕೆಂಡಿಗೆ ಸುಮಾರು 31 ಕಂಪನ. ರಸಮಂಜರಿಯವರಿಗೆ ಇದು ಬೇಕೇ ಬೇಕು ಅನ್ನುವವರ ಮಾತಿನಲ್ಲಿ ಹುರುಳಿದೆ. ಹಾಡುವವರು ಕೊನೆಯ ಗಳಿಗೆಯಲ್ಲಿ "ಗಂಟಲು ಸರಿಯಿಲ್ಲ, ಒಂದು ಮನೆ ಇಳಿಸಿ" ಅನ್ನುತ್ತಾರೆ. ಕೀಬೋರ್ಡಿನವನು ಒಂದು ಬಟನ್ ಒತ್ತಿ ಕೂರುತ್ತಾನೆ. ನಮಗೆ ಬಟನ್ ಇಲ್ಲ. ಐದು ತಂತಿ ಇದ್ದರೆ ಕೈಯನ್ನು ಐದನೆಯ ಫ್ರೆಟ್ ಹತ್ತಿರ ಇಟ್ಟುಕೊಂಡೇ ಯಾವ ಶ್ರುತಿಗೂ ಜಾರಬಹುದು. ಈಗಿನ ಸಿನಿಮಾ ಹಾಡುಗಳಲ್ಲಿ ಸಿಂತ್ ಬೇಸ್ (ಸಿಂಥಸೈಸರಿನ ಬೇಸ್ ಸದ್ದು) ಇ ಸ್ವರಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಅಲ್ಲೂ ಅನುಕೂಲ.

ಆದರೆ ಅಗ್ಗದ ಐದು ತಂತಿಯಲ್ಲಿ ಬಿ ತಂತಿ ಹೆಸರಿಗೆ ಮಾತ್ರ. ಸಡಿಲ ಹಗ್ಗ ಎಳೆದ ಹಾಗೆ ಬ್ಲಬ್ ಅನ್ನುತ್ತದೆ. ನೆಕ್ ಅಗಲ, ಭಾರ ಜಾಸ್ತಿ, ತಂತಿಯ ಸೆಟ್ ದುಬಾರಿ. ಮೇಲಾಗಿ ನುಡಿಸದ ತಂತಿ ಸುಮ್ಮನಿರುವುದಿಲ್ಲ, ತಾನೇ ಗುನುಗುತ್ತದೆ. ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಸುಮ್ಮನಿರಿಸುವುದೇ ಒಂದು ವಿದ್ಯೆ. ಕಲಿಯುವವನಿಗೆ ಮೊದಲ ದಿನದಿಂದಲೇ ಈ ತಲೆನೋವು ಯಾಕೆ? ನನ್ನ ಲೆಕ್ಕದಲ್ಲಿ, ವರ್ಷಕ್ಕೆ ಹತ್ತಕ್ಕಿಂತ ಜಾಸ್ತಿ ಕಾರ್ಯಕ್ರಮ ಇದ್ದವರು, 35 ಸಾವಿರದ ಮೇಲೆ ಹಾಕಬಲ್ಲವರು ಐದಕ್ಕೆ ಹೋಗಲಿ. ಉಳಿದವರು ನಾಲ್ಕರಲ್ಲೇ ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ ಕೆಲಸ ಸಾಗಿಸಬಹುದು. ನಾನು ಹಾಗೇ ಮಾಡುತ್ತೇನೆ.

ಮಳೆಗಾಲ, ಬ್ಯಾಟರಿ, ಮತ್ತು ನನ್ನ ಪೆದ್ದುತನ

ಇದು ಬೆಂಗಳೂರಿನವರು ಬರೆಯುವ ಮಾರ್ಗದರ್ಶಿಗಳಲ್ಲಿ ಇರುವುದಿಲ್ಲ. ನಮಗೆ ಇದೇ ದೊಡ್ಡ ವಿಷಯ.

ನಾನು ಕೊಂಡ ಮೊದಲ ಬೇಸ್ ಐದು ತಂತಿಯದ್ದು, ಆ್ಯಕ್ಟಿವ್, ಹೊಳೆಯುವ ನೀಲಿ. ಆ್ಯಕ್ಟಿವ್ ಅಂದರೆ ಒಳಗೆ ಸಣ್ಣ ಪ್ರಿಆಂಪ್, ಅದಕ್ಕೆ 9 ವೋಲ್ಟ್ ಬ್ಯಾಟರಿ. ಬೇಸ್, ಟ್ರೆಬಲ್ ಎಲ್ಲ ವಾದ್ಯದಲ್ಲೇ ಏರಿಸಿ ಇಳಿಸಬಹುದು. ಎರಡು ತಿಂಗಳು ಕುಣಿದಾಡಿದೆ. ಜೂನ್ ಬಂತು. ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ನಮ್ಮಲ್ಲಿ ಶುಭ ಕಾರ್ಯ ಇಲ್ಲ, ಕಾರ್ಯಕ್ರಮ ಇಲ್ಲ. ಬೇಸ್ ಬ್ಯಾಗಿನಲ್ಲಿ, ಬ್ಯಾಗು ಮಂಚದಡಿಯಲ್ಲಿ. ಗಣೇಶ ಚೌತಿಗೆ ಮುಂಚೆ ತೆಗೆದರೆ ತಂತಿಗಳು ತುಕ್ಕು ಹಿಡಿದು ಮರಳು ಕಾಗದದ ಹಾಗಿವೆ. ಫ್ರೆಟ್ ಮೇಲೆ ಹಸಿರು ಕಿಲುಬು. ಬ್ಯಾಟರಿ ಸೋರಿ ಅದರ ಗೂಡಿನ ತಗಡನ್ನೇ ತಿಂದಿದೆ. ನೆಕ್ ಬಾಗಿ ತಂತಿ ಅರ್ಧ ಬೆರಳು ಮೇಲೆ. ಬ್ಯಾಗಿನ ಒಳಗೆ ಬೂಸಲು. ಬೇಸ್‌ನ ತಪ್ಪು ಏನೂ ಇರಲಿಲ್ಲ.

ಕರಾವಳಿಯಲ್ಲಿ ವಾದ್ಯ ಕೆಡುವುದು ನುಡಿಸುವುದರಿಂದ ಅಲ್ಲ, ನುಡಿಸದೇ ಇಡುವುದರಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಿಕ್ಕಿ ಮಳೆ, ಮೇಲೆ ಸಮುದ್ರದ ಉಪ್ಪುಗಾಳಿ. ಗಿಟಾರ್ ಮಾಡುವವರು ಗಾಳಿಯ ತೇವ ನೂರಕ್ಕೆ ಐವತ್ತರ ಆಸುಪಾಸು ಇರಲಿ ಅನ್ನುತ್ತಾರೆ. ಜುಲೈಯಲ್ಲಿ ನಮ್ಮ ಮನೆಯೊಳಗೆ ಅಕ್ಕಿ ಡಬ್ಬಿಯಲ್ಲೂ ಅಷ್ಟು ಒಣ ಇರುವುದಿಲ್ಲ.

ಹಾಗಾಗಿ ಪ್ಯಾಸಿವ್ (ಬ್ಯಾಟರಿ ಇಲ್ಲದ್ದು) ಮತ್ತು ಆ್ಯಕ್ಟಿವ್ ನಡುವಿನ ಆಯ್ಕೆ ನಮಗೆ ಸದ್ದಿನ ಪ್ರಶ್ನೆ ಮಾತ್ರ ಅಲ್ಲ. ಪ್ಯಾಸಿವ್‌ನಲ್ಲಿ ಕೆಡುವ ಭಾಗ ಕಡಿಮೆ. ವಾಲ್ಯೂಮ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಸರಿ. ರೇಡಿಯೊ ರಿಪೇರಿಯವನೂ ಬೆಸುಗೆ ಹಾಕಬಲ್ಲ. ಆ್ಯಕ್ಟಿವ್ ತೆಗೆದುಕೊಳ್ಳುವುದಾದರೆ ಪ್ಯಾಸಿವ್‌ಗೆ ಬದಲಿಸುವ ಸ್ವಿಚ್ ಇರುವುದನ್ನು ನೋಡಿ. ವೇದಿಕೆಯಲ್ಲಿ ಬ್ಯಾಟರಿ ಸತ್ತರೂ ನೀವು ಬದುಕುತ್ತೀರಿ. ನುಡಿಸಿ ಆದ ಮೇಲೆ ಕೇಬಲ್ ಕಿತ್ತಿಡಿ. ಹೆಚ್ಚಿನವುಗಳಲ್ಲಿ ಜ್ಯಾಕ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಓಡುತ್ತಿರುತ್ತದೆ. ಆಟಿಗೆ ಮುಂಚೆ ಬ್ಯಾಟರಿ ಹೊರಗೆ ತೆಗೆದುಬಿಡಿ.

ನಾನು ಈಗ ಮಾಡುವುದು ಇಷ್ಟು. ಬೇಸ್ ಬ್ಯಾಗಿನಲ್ಲಿ ಇಡುವುದಿಲ್ಲ, ಒಳಗಿನ ಗೋಡೆಯ ಹುಕ್ಕಿಗೆ ತೂಗಿಸುತ್ತೇನೆ. ಹೊರಗಿನ ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಅದಕ್ಕೆ ಬೇಡ. ನುಡಿಸಿದ ಮೇಲೆ ಹಳೆ ಬೈರಾಸಿನಲ್ಲಿ ತಂತಿ ಒರೆಸುತ್ತೇನೆ, ಮೇಲ್ಭಾಗ ಮಾತ್ರ ಅಲ್ಲ, ಅಡಿಭಾಗವೂ. ಲೇಪನ ಇರುವ ತಂತಿಗೆ ದುಡ್ಡು ಜಾಸ್ತಿಯಾದರೂ ಮಳೆಗಾಲಕ್ಕೆ ಅದೇ ಹಾಕುತ್ತೇನೆ. ವರ್ಷಕ್ಕೆ ಎರಡು ಸಲ, ಮಳೆ ಹಿಡಿದಾಗ ಮತ್ತು ಬಿಟ್ಟಾಗ, ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಕಾಲು ಸುತ್ತಿನೊಳಗೆ ತಿರುಗಿಸಿ ನೆಕ್ ಸರಿ ಮಾಡಿಕೊಳ್ಳುತ್ತೇನೆ. ತಿರುಗಿಸಲು ಭಯ ಇದ್ದವರು ಗೊತ್ತಿದ್ದವರಿಂದ ಮಾಡಿಸಿ. ನೆಕ್ ಮೇಲೆ ಬೆರಳೊತ್ತುವ ಮರದ ಹಲಗೆಗೆ, ಅಂದರೆ ಫಿಂಗರ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ. ನಮ್ಮ ಕೈ ಸೀದಾ ಆ ಬಾಟಲಿಗೇ ಹೋಗುತ್ತದೆ, ಗೊತ್ತು. ಆಮೇಲೆ ಕಮಟು ವಾಸನೆ ಬಿಟ್ಟು ಬೂಸಲಿಗೆ ಊಟ ಆಗುತ್ತದೆ.

ಅಂದ ಹಾಗೆ, ಎಷ್ಟೋ ದೇಶಗಳಲ್ಲಿ ತಯಾರಾಗುವ ಗಿಟಾರುಗಳ ಆ ಕಪ್ಪು ಕಂದು ಫಿಂಗರ್‌ಬೋರ್ಡ್ ನಮ್ಮ ಘಟ್ಟದ ಬೀಟೆ ಮರದ ಜಾತಿಯದೇ. ಇಂಡಿಯನ್ ರೋಸ್‌ವುಡ್ ಅಂತ ಕರೆಯುವುದು ಅದನ್ನೇ. ನಮ್ಮ ಮರವೇ ಆದರೂ ನಮ್ಮ ಮಳೆ ಅದಕ್ಕೂ ಆಗಿಬರುವುದಿಲ್ಲ.

ಹೊಸದೋ ಹಳೆಯದೋ

20 ಸಾವಿರದವರಿಗೆ ಹೊಸ ಬೇಸ್ ಬೇಕಾದಷ್ಟು ಸಿಗುತ್ತದೆ. ಆದರೆ ಬೇಸ್‌ಗೇ ಅಷ್ಟನ್ನೂ ಕೊಟ್ಟರೆ ಹೆಡ್‌ಫೋನ್ ಆಂಪ್, ಕೇಬಲ್, ಬೆಲ್ಟ್, ಟ್ಯೂನರ್, ಒಳ್ಳೆಯ ಬ್ಯಾಗು, ಇನ್ನೊಂದು ಸೆಟ್ ತಂತಿಗೆ ಎಲ್ಲಿಂದ? ಇದೆಲ್ಲ ಸೇರಿ ಏಳೆಂಟು ಸಾವಿರ ಆಗುತ್ತದೆ. ಹಾಗಾಗಿ 20 ಅಂದರೆ ಬೇಸ್‌ಗೆ 12 ಅಂತ ಲೆಕ್ಕ ಹಾಕಿ. 12ಕ್ಕೆ ಹೊಸದು ಸುಮಾರಾದದ್ದು ಸಿಗುತ್ತದೆ, ಹಳೆಯದು ಒಳ್ಳೆಯದೇ ಸಿಗಬಹುದು.

ಹಳೆಯದಕ್ಕೆ ನಮ್ಮ ಕಡೆ ಮಣಿಪಾಲದಂಥ ಜಾಗ ಇನ್ನೊಂದಿಲ್ಲ. ಕೋರ್ಸ್ ಮುಗಿಸಿ ದೆಹಲಿಗೋ ಮುಂಬೈಗೋ ಹೊರಡುವ ಮಕ್ಕಳು ಫ್ರಿಜ್, ಸೈಕಲ್ ಜೊತೆ ಬೇಸನ್ನೂ ಮಾರುತ್ತಾರೆ. ಹೊರಡುವ ವಾರ ಹತ್ತಿರ ಬಂದ ಹಾಗೆ ಬೆಲೆ ಇಳಿಯುತ್ತದೆ. ಎಷ್ಟೋ ಬೇಸ್ ಎರಡು ತಿಂಗಳು ನುಡಿಸಿ ಮೂಲೆಗೆ ಇಟ್ಟದ್ದಾಗಿರುತ್ತದೆ. ಅದು ಒಳ್ಳೆಯ ಸುದ್ದಿಯೂ ಹೌದು, ಕೆಟ್ಟ ಸುದ್ದಿಯೂ ಹೌದು. ಮೂಲೆಯಲ್ಲಿ ಎಷ್ಟು ಮಳೆಗಾಲ ಕಳೆದಿದೆ ಅಂತ ಕೇಳಿ.

ನೋಡಲು ಹೋದಾಗ ಹೀಗೆ ಮಾಡಿ. ಬಂದೂಕಿಗೆ ಗುರಿ ಇಡುವ ಹಾಗೆ ಕಣ್ಣಿನ ಮಟ್ಟಕ್ಕೆ ಹಿಡಿದು ನೆಕ್ ಉದ್ದಕ್ಕೂ ನೋಡಿ. ಮುಂದೆ ಹಿಂದೆ ಸ್ವಲ್ಪ ಬಾಗಿದ್ದರೆ ಟ್ರಸ್ ರಾಡ್ ಸರಿ ಮಾಡುತ್ತದೆ. ಹಗ್ಗ ಹೊಸೆದ ಹಾಗೆ ಪಕ್ಕಕ್ಕೆ ತಿರುಚಿದ್ದರೆ ನಮಸ್ಕಾರ ಹೇಳಿ ಬನ್ನಿ. ಟ್ರಸ್ ರಾಡ್ ಆಗಲೇ ಕೊನೆ ತನಕ ಬಿಗಿದಿದೆಯಾ ಅಂತಲೂ ಕೇಳಿ. ಪ್ರತಿ ತಂತಿಯ ಪ್ರತಿ ಫ್ರೆಟ್ ಒಂದೊಂದಾಗಿ ಒತ್ತಿ ನುಡಿಸಿ. ಐದರಿಂದ ಏಳನೆಯ ಫ್ರೆಟ್ ನಡುವೆ ಸಣ್ಣ ತಂತಿಯಲ್ಲಿ ಒಂದು ಸ್ವರ ಬೇಗ ಸಾಯುವುದು ಉಂಟು. ಫೆಂಡರ್ ಮಾದರಿಗಳಲ್ಲಿ ಅದು ಹಳೇ ಜಾಡ್ಯ, ಅದಕ್ಕೆ ಹೆದರಬೇಡಿ, ಬೆಲೆ ಇಳಿಸಲು ಬಳಸಿ. 12ನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರ ಮತ್ತು ಅದೇ ಜಾಗದಲ್ಲಿ ಬೆರಳು ತಾಗಿಸಿ ಬರುವ ಹಾರ್ಮೋನಿಕ್ ಟ್ಯೂನರಿನಲ್ಲಿ ಒಂದೇ ತೋರಿಸಬೇಕು. ಬ್ಯಾಟರಿ ಗೂಡು ತೆರೆದು ಮೂಸಿ ನೋಡಿ. ನಾನು ಸುಮ್ನೆ ಹೇಳುತ್ತಿಲ್ಲ.

ಹೊಸದರಲ್ಲೂ ಒಂದು ಮೋಸ ಉಂಟು. "ಸೆಟಪ್ ಮಾಡಿಯೇ ಕೊಡುತ್ತೇವೆ" ಅಂದ ಅಂಗಡಿಯೊಂದು ನನಗೆ ಪೆಟ್ಟಿಗೆ ಬಿಚ್ಚದೆಯೇ ಕೊಟ್ಟಿತ್ತು. ಅಂಗಡಿಯಲ್ಲೇ ನುಡಿಸಿ, ನಿಮ್ಮೆದುರೇ ತಂತಿಯ ಎತ್ತರ ಸರಿ ಮಾಡಿಸಿ, ಆಮೇಲೆ ಬಿಲ್ ಕೊಡಿ. ದುಬೈಯಲ್ಲಿರುವ ಭಾವನ ಕೈಯಲ್ಲಿ ತರಿಸುವ ದಾರಿಯೂ ಇದೆ. ವಿಮಾನದ ಬ್ಯಾಗೇಜಿನಲ್ಲಿ ಬರುವಾಗ ತಂತಿ ಸ್ವಲ್ಪ ಸಡಿಲಿಸಿ, ಗಟ್ಟಿ ಪೆಟ್ಟಿಗೆಯಲ್ಲಿ ಬರಲಿ. ಕಸ್ಟಮ್ಸ್ ಮಿತಿ ದಾಟಿದರೆ ತೆರಿಗೆ, ಇಲ್ಲಿ ವಾರಂಟಿ ನಡೆಯದೇ ಇರಬಹುದು. ಭಾವನ ಲಗೇಜಿನಲ್ಲಿ ಅಕ್ಕನ ಸಾಮಾನಿಗಿಂತ ನಿಮ್ಮ ಬೇಸ್‌ಗೆ ಜಾಗ ಸಿಗುತ್ತದಾ ಅನ್ನುವುದು ನಿಮ್ಮ ಮನೆಯ ವಿಷಯ.

ಅಕೌಸ್ಟಿಕ್ ಬೇಸ್ ಬಗ್ಗೆ ಕೇಳುತ್ತಾರೆ. ಆಂಪ್ ಇಲ್ಲದೆ ಕೋಣೆಯಲ್ಲಿ ಒಬ್ಬರೇ ನುಡಿಸುವುದಕ್ಕೆ ಸರಿ. ಪಕ್ಕದಲ್ಲಿ ಒಂದು ಗಿಟಾರ್ ಸೇರಿದರೆ ಕೇಳಿಸುವುದಿಲ್ಲ. ಮುಗಿಯಿತು.

ಎರಡನೆಯದು, ಮೂರನೆಯದು, ಆಮೇಲಿನದು

ಸಂಗ್ರಹ ಅನ್ನುವುದು ಎರಡನೆಯ ಬೇಸ್‌ನಿಂದಲೇ ಶುರು. ನನ್ನ ಅಳತೆ ಸರಳ. ಮೊದಲನೆಯದು ಮಾಡದ ಒಂದು ದೊಡ್ಡ ಕೆಲಸವನ್ನು ಎರಡನೆಯದು ಮಾಡಬೇಕು. ಒಂದೇ ಬೇಸ್‌ನ ಇನ್ನೊಂದು ಬಣ್ಣ ಸಂಗ್ರಹ ಅಲ್ಲ, ಅದು ಸೀರೆಯ ವ್ಯವಹಾರ.

ತೀರಾ ಅಗ್ಗದ ದಾರಿ ತಂತಿ ಬದಲಿಸುವುದು. ಸಾದಾ ರೌಂಡ್‌ವೂಂಡ್ (ಮೇಲೆ ದುಂಡು ಎಳೆ ಸುತ್ತಿದ) ತಂತಿ ಗಣಗಣ ಅನ್ನುತ್ತದೆ. ಫ್ಲಾಟ್‌ವೂಂಡ್ (ಚಪ್ಪಟೆ ಎಳೆ ಸುತ್ತಿದ್ದು) ಹಾಕಿದರೆ ಅದೇ ಬೇಸ್ ಹಳೇ ರೇಡಿಯೋದ ಹಾಡಿನ ಹಾಗೆ ಮೆತ್ತಗೆ ದುಂಡಗೆ ಆಗುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ತನ್ನ ಪ್ರಿಸಿಷನ್‌ಗೆ ಫ್ಲಾಟ್‌ವೂಂಡ್ ಹಾಕಿ, ತುಂಡಾಗುವ ತನಕ ಬದಲಿಸುತ್ತಿರಲಿಲ್ಲವಂತೆ. ಫ್ಲಾಟ್‌ವೂಂಡ್ ನಯ ಇರುವುದರಿಂದ ಒರೆಸುವುದು ಸುಲಭ, ನಮ್ಮ ಹವೆಗೂ ಹೊಂದುತ್ತದೆ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬರುತ್ತದೆ.

ನಿಜವಾಗಿ ಬೇರೆಯ ವಾದ್ಯ ಬೇಕೆಂದರೆ ಫ್ರೆಟ್‌ಲೆಸ್. ಪ್ರಿಸಿಷನ್ ಅನ್ನುವ ಹೆಸರು ಬಂದದ್ದೇ ಫ್ರೆಟ್ ಇದ್ದರೆ ಸ್ವರ ನಿಖರವಾಗಿ ಬರುತ್ತದೆ ಅಂತ. ಫ್ರೆಟ್ ಕಿತ್ತರೆ ನಿಖರತೆ ನಿಮ್ಮ ಬೆರಳಿಗೆ ಬಿಟ್ಟದ್ದು. ಆದರೆ ಅಲ್ಲಿ ಜಾರು, ಗಮಕ ಎಲ್ಲ ಬರುತ್ತದೆ. ಸ್ವಲ್ಪ ಶಾಸ್ತ್ರೀಯ ಸಂಗೀತ ಕೇಳಿದ ಕಿವಿಗೆ ಇದು ಬಲು ಬೇಗ ಹತ್ತಿರವಾಗುತ್ತದೆ. ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತನ್ನ ಜಾಜ್ ಬೇಸ್‌ನ ಫಿಂಗರ್‌ಬೋರ್ಡಿಗೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಬಳಿದದ್ದು ಯಾಕೆಂದರೆ ರೌಂಡ್‌ವೂಂಡ್ ತಂತಿ ಬರಿ ಮರವನ್ನು ಸವೆಸುತ್ತದೆ. ನೀವು ಫ್ಲಾಟ್‌ವೂಂಡ್ ಹಾಕಿ ಸುಮ್ಮನಿರಿ. ಇದನ್ನೇ ಮೊದಲ ಬೇಸ್ ಮಾಡಿಕೊಳ್ಳಬೇಡಿ, ಕೊಯರ್‌ನವರು ಕ್ಷಮಿಸುವುದಿಲ್ಲ.

ಹಳೇ ಕಾಲದ ಬೇಸ್‌ಗಳನ್ನು ಹೂಡಿಕೆ ಅಂತ ಕೊಳ್ಳುವವರಿಗೆ ಒಂದು ಕತೆ. ಮೆಕಾರ್ಟ್ನಿಯ ಆ 1961ರ ಹೋಫ್ನರ್ 1972ರಲ್ಲಿ ಕಳವಾಯಿತು. ಐವತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂತು. ರಿಪೇರಿ ಬೇಕಾಗಿತ್ತು, ಆದರೆ ವಾದ್ಯ ಪೂರ್ತಿ ಇತ್ತು. ನಮ್ಮ ಅಟ್ಟದಲ್ಲಿ ಐವತ್ತು ವರ್ಷ ಬಿಡಿ, ಐದು ಆಟಿ ಕಳೆದಿದ್ದರೆ ಗೆದ್ದಲು ಲೇಬಲನ್ನೂ ಬಿಡುತ್ತಿರಲಿಲ್ಲ. ಹಳೆಯದನ್ನು ಕೊಳ್ಳುವ ದುಡ್ಡಿದ್ದವರು ಅದನ್ನು ಇಡುವ ಒಣ ಕೋಣೆಯ ದುಡ್ಡನ್ನೂ ಲೆಕ್ಕ ಹಾಕಲಿ. ಇನ್ನು ರೋಸ್‌ವುಡ್ ವಾದ್ಯವನ್ನು ವಿದೇಶಕ್ಕೆ ಮಾರಬೇಕೆಂದವರಿಗೆ 2017ರಲ್ಲಿ ಬಂದ ಅಂತರರಾಷ್ಟ್ರೀಯ ನಿರ್ಬಂಧ ದೊಡ್ಡ ಕಾಟ ಆಗಿತ್ತು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬ್ರೆಜಿಲ್‌ನ ರೋಸ್‌ವುಡ್ ಒಂದನ್ನು ಬಿಟ್ಟು.

ನನ್ನ ಮೂವರ ವಿಷಯಕ್ಕೆ ಬರುತ್ತೇನೆ. ಮಣಿಪಾಲದ ಹುಡುಗಿಗೆ ಹಳೆಯ, ಪ್ಯಾಸಿವ್, ಎರಡೂ ಬಗೆಯ ಪಿಕಪ್ ಇರುವ ನಾಲ್ಕು ತಂತಿ ಹುಡುಕಲು ಹೇಳಿದೆ, ಜೊತೆಗೆ ಹೆಡ್‌ಫೋನ್ ಆಂಪ್. ಕೋರ್ಸ್ ಮುಗಿದಾಗ ಅವಳೂ ಅದನ್ನೇ ಮಾರಿ ಹೋಗಬಹುದು, ಜಾಸ್ತಿ ನಷ್ಟ ಇಲ್ಲ. ಬಿಜೈ ಅಂಕಲಿಗೆ 30 ಇಂಚಿನದ್ದು, ಫ್ಲಾಟ್‌ವೂಂಡ್ ತಂತಿ, ಮೂರೂವರೆ ಇಂಚು ಅಗಲದ ಬೆಲ್ಟ್. ಭುಜಕ್ಕೂ ಚರ್ಚಿನ ಗೋಡೆಗೂ ಅದೇ ಹಿತ. ಅವರಿಗೆ ನೋಡುವುದಕ್ಕೆ ಉದ್ದದ್ದೇ ಗತ್ತು ಅನಿಸಿದೆ. ಎರಡನ್ನೂ ನಿಂತುಕೊಂಡು ಇಪ್ಪತ್ತು ನಿಮಿಷ ನುಡಿಸಿ ನೋಡಿ ಅಂದಿದ್ದೇನೆ, ಕೂತು ಅಲ್ಲ.

ಅಕ್ಕನ ಮಗನ ಕೋಣೆಗೆ ನಾನೇ ಹೋಗಿ ನೋಡಿದೆ. ಮೂರು ಬೇಸ್‌ಗಳಲ್ಲಿ ಎರಡರ ತಂತಿಗೆ ತುಕ್ಕು, ಒಂದರ ಒಳಗೆ ಹೋದ ವರ್ಷದ ಬ್ಯಾಟರಿ. ನಾಲ್ಕನೆಯದಕ್ಕೆ ಮುಂಚೆ ಎರಡು ಸೆಟ್ ತಂತಿ ತೆಗೊ, ಒಂದನ್ನು ಮಾರು ಅಂದೆ. ಮುಖ ಊದಿಸಿಕೊಂಡು ಕೂತ. ಮರುದಿನ ಬೆಳಿಗ್ಗೆ ಫೋನ್ ಬಂತು. "ಮಾಮ, ಆ ಫ್ರೆಟ್‌ಲೆಸ್ ಅಂತ ಹೇಳಿದಿರಲ್ಲ, ಅದು ಎಷ್ಟಾಗುತ್ತದೆ?"